ಊರ ಕೊಳಚೆ, ಹೊಳೆಯ ಉಸಿರು



ನಂಜನಗೂಡನ್ನು ಹಾದು ಹರಿಯುವ ಕಪಿಲೆ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ಊರುಗಳಲ್ಲಿ ಭಕ್ತರು ಹೊಳೆಗಿಳಿದು ಮೀಯುತ್ತಾರೆ. ಮೇಲಿನ ಊರಿನ ಬಚ್ಚಲು ನೀರು ಯಾವ ಸ್ಥಿತಿಯಲ್ಲಿ ಹೊಳೆ ಸೇರುತ್ತದೆ ಎನ್ನುವುದರ ಮೇಲೆ ಕೆಳಗಿನ ಊರಿನ ಸ್ನಾನಘಟ್ಟದ ಹಣೆಬರಹ ನಿಂತಿದೆ. ಅದನ್ನು ತೀರ್ಮಾನಿಸುವುದು ಊರಾಚೆಗಿರುವ ಕೊಳಚೆ ನೀರು ಶುದ್ಧೀಕರಣ ಘಟಕ.

ಮೊದಲು ಒಂದು ಲೆಕ್ಕ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ನಮ್ಮ ದೇಶದ ಮಾನದಂಡ. ಅದರಲ್ಲಿ ಸುಮಾರು ಶೇಕಡಾ 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ. 50 ಸಾವಿರ ಜನರ ಊರೆಂದರೆ ದಿನಕ್ಕೆ 54 ಲಕ್ಷ ಲೀಟರ್!

ಇದು ಹಾಗೇ ಹೊಳೆಗೆ ಬಿದ್ದರೆ ಏನಾಗುತ್ತದೆ? ಹೊಳೆಯ ಸೂಕ್ಷ್ಮಜೀವಿಗಳು ಕೊಳಚೆಯನ್ನು ತಿಂದು ಕರಗಿಸುತ್ತವೆ. ಆದರೆ ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಯೇ ಬಿಓಡಿ. ಮನೆಗಳಿಂದ ಬರುವ ಕೊಳಚೆಯಲ್ಲಿ ಇದು ಲೀಟರಿಗೆ ಸುಮಾರು 250 ಮಿಲಿಗ್ರಾಂ. ಶುದ್ಧ ಹೊಳೆ ನೀರಿನಲ್ಲಿರುವ ಆಮ್ಲಜನಕವೋ ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಸ್ನಾನಕ್ಕೆ ಯೋಗ್ಯವಾಗಿರಬೇಕಾದರೆ ಅದು 5ಕ್ಕಿಂತ ಕೆಳಗಿಳಿಯಬಾರದು. ಹಾಗಾದರೆ ಹೊಳೆ ಖರ್ಚು ಮಾಡಬಹುದಾದದ್ದು ಲೀಟರಿಗೆ 3 ಮಿಲಿಗ್ರಾಂ ಅಷ್ಟೆ. ಒಂದು ಲೀಟರ್ ಕೊಳಚೆ 80 ಲೀಟರಿಗೂ ಹೆಚ್ಚು ಹೊಳೆ ನೀರಿನ ಉಳಿತಾಯವನ್ನು ನುಂಗಿಹಾಕುತ್ತದೆ. ಹರಿಯುವ ನೀರು ಗಾಳಿಯಿಂದ ಮತ್ತೆ ಆಮ್ಲಜನಕ ಪಡೆಯುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಹರಿವು ಸೊರಗಿರುತ್ತದೆ, ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಮೀನು ಸಾಯುವುದು, ನೀರು ನಾರುವುದು ಆಗಲೇ.

ಹೊಳೆ ಎಷ್ಟೋ ಮೈಲಿ ಹರಿದು ಮಾಡಬೇಕಾದ ಕೆಲಸವನ್ನು ಘಟಕ ಕೆಲವು ಗಂಟೆಗಳಲ್ಲಿ, ಹೊಳೆಯ ಆಮ್ಲಜನಕ ಮುಟ್ಟದೆ ಮಾಡಿ ಮುಗಿಸುತ್ತದೆ. ಬಂದ ನೀರು ಮೊದಲು ಕಬ್ಬಿಣದ ಜಾಲರಿಯನ್ನು ದಾಟುತ್ತದೆ. ಬಟ್ಟೆ ಚೂರು, ಶಾಂಪೂ ಪೊಟ್ಟಣ, ಪ್ಲಾಸ್ಟಿಕ್ ಅಲ್ಲೇ ನಿಲ್ಲುತ್ತವೆ. ಮುಂದಿನ ತೊಟ್ಟಿಯಲ್ಲಿ ಮರಳು ತಳ ಸೇರುತ್ತದೆ. ಆಮೇಲೆ ಗಾಳಿ ತೊಟ್ಟಿ. ಬ್ಲೋವರ್ ಯಂತ್ರ ತಳದಿಂದ ಗಾಳಿ ಊದುತ್ತದೆ, ಕೋಟ್ಯಂತರ ಬ್ಯಾಕ್ಟೀರಿಯಾ ಕೊಳೆಯನ್ನು ತಿಂದು ಬೆಳೆಯುತ್ತವೆ. ನಂತರದ ತೊಟ್ಟಿಯಲ್ಲಿ ಅವು ಕೆಸರಾಗಿ ಇಳಿಯುತ್ತವೆ. ಒಂದಿಷ್ಟು ಕೆಸರನ್ನು ಮತ್ತೆ ಗಾಳಿ ತೊಟ್ಟಿಗೇ ಕಳಿಸುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡೆರ್ನ್ ಮತ್ತು ಲಾಕೆಟ್ 1914ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯ ಇದು. ಕೊನೆಗೆ ರೋಗಾಣು ಕೊಲ್ಲಲು ಕ್ಲೋರಿನ್. ಜಾಗ ಸಾಕಷ್ಟಿರುವ ಊರುಗಳಲ್ಲಿ ಯಂತ್ರದ ಬದಲು ಸಾಲು ಹೊಂಡಗಳಲ್ಲಿ ನೀರನ್ನು ದಿನಗಟ್ಟಲೆ ನಿಲ್ಲಿಸಿ, ಬಿಸಿಲು ಮತ್ತು ಪಾಚಿಯಿಂದ ಇದೇ ಕೆಲಸ ಮಾಡಿಸುತ್ತಾರೆ.

ಘಟಕ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಅಲ್ಲಿನ ಆಪರೇಟರ್ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಬಿಡುತ್ತಾರೆ. ಕಂದು ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಂತರೆ ಸರಿ. ಕೆಸರು ಕಪ್ಪಾಗಿ ನಾರಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ಲೂ ಇಲ್ಲದೆ ಬ್ಲೋವರ್ ನಿಂತರೆ ಆಗುವುದು ಇದೇ.

ಚೆನ್ನಾಗಿ ನಡೆದ ಘಟಕ 250ರ ಬಿಓಡಿಯನ್ನು 10ಕ್ಕೂ ಇಳಿಸಬಲ್ಲದು. ಆಗ ಒಂದು ಲೀಟರಿಗೆ ಮೂರು ನಾಲ್ಕು ಲೀಟರ್ ಹೊಳೆ ನೀರು ಸಾಕು. ಆದರೆ ಘಟಕಕ್ಕೆ ಬಾರದ ಕೊಳಚೆಯನ್ನು ಯಾವ ಯಂತ್ರವೂ ಶುದ್ಧ ಮಾಡಲಾರದು. ರಸ್ತೆಯಲ್ಲಿ ಯುಜಿಡಿ, ಅಂದರೆ ಒಳಚರಂಡಿ ಪೈಪು ಹಾದುಹೋಗಿದ್ದರೂ ಬಚ್ಚಲು ನೀರನ್ನು ಮಳೆ ಚರಂಡಿಗೆ ಬಿಡುವ ಮನೆಗಳಿವೆ. ಆ ನೀರು ಘಟಕವನ್ನು ತಪ್ಪಿಸಿ ನೇರ ಹೊಳೆಗೇ ಹೋಗುತ್ತದೆ. ತಾರಸಿಯ ಮಳೆ ನೀರನ್ನು ಯುಜಿಡಿಗೆ ಬಿಟ್ಟರೆ ಘಟಕ ತುಂಬಿ ತುಳುಕುತ್ತದೆ.

ಆದ್ದರಿಂದ ಕೇಳುಗರೇ, ನಿಮ್ಮ ಮನೆಯ ಪೈಪು ಎಲ್ಲಿಗೆ ಸೇರಿದೆ ಎಂದು ಇಂದೇ ನೋಡಿ. ಯುಜಿಡಿ ಸಂಪರ್ಕ ಇಲ್ಲದಿದ್ದರೆ ಮಾಡಿಸಿಕೊಳ್ಳಿ. ಕರಿದ ಎಣ್ಣೆ, ಬಟ್ಟೆ, ಪ್ಯಾಡು ಅದಕ್ಕೆ ಹಾಕಬೇಡಿ. ಘಟಕದಿಂದ ಹೊರಬರುವ ನೀರಿನ ಬಿಓಡಿ ಈ ತಿಂಗಳು ಎಷ್ಟಿತ್ತೆಂದು ನಿಮ್ಮ ಪುರಸಭೆಯನ್ನು ಕೇಳಿ. ಕೇಳುವ ಜನರಿರುವ ಊರಿನಲ್ಲಿ ಬ್ಲೋವರ್ ಸುಮ್ಮನೆ ನಿಲ್ಲುವುದಿಲ್ಲ.