ಮನೆಗೆಲಸ, ಹಾಡು, ತವರು
(ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



‘ಗೃಹಕೃತ್ಯ ಮತ್ತು ಮನರಂಜನೆ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿರುವರು. ಈ ಎರಡರ ನಡುವೆ ‘ಮತ್ತು’ ಎಂಬ ಮಾತು ಬಂದು ಕುಳಿತಿರುವುದೇ ನಮ್ಮ ಕಾಲದ ಲಕ್ಷಣ. ನಮ್ಮ ಅಜ್ಜಿಯರಿಗೆ ಆ ‘ಮತ್ತು’ ಇರಲಿಲ್ಲ. ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟಕ್ಕೆ ಕೈಹಾಕಿದರೆಂದರೆ ಜೋಳದ ಹಿಟ್ಟು ಕೆಳಗೆ ಬೀಳುತ್ತಿತ್ತು, ಹಾಡು ಮೇಲೆ ಏಳುತ್ತಿತ್ತು. ಕೆಲಸವಾವುದು, ರಂಜನೆಯಾವುದು ಎಂದು ಬೇರ್ಪಡಿಸುವಂತಿರಲಿಲ್ಲ.

ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಈ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಮಾಡಿದ್ದನ್ನು ತಾವು ಬಲ್ಲಿರಿ. ಭೀಮೆಯ ಆಚೆಗೂ ಇದೇ ಕಲ್ಲು, ಇದೇ ಬೆಳಗಿನ ಜಾವ. ಅಲ್ಲಿ ಅದಕ್ಕೆ ಜಾತೆ ಎನ್ನುವರು, ಹಾಡಿಗೆ ಓವಿ ಎನ್ನುವರು. ಹೇಮಾ ರಾಯಿರ್ಕರ್ ಅವರೂ ಫ್ರಾನ್ಸಿನಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಗೀ ಪ್ವಾತ್ವಾಂ ಅವರೂ ಮಹಾರಾಷ್ಟ್ರದ ಹಳ್ಳಿ ಹಳ್ಳಿ ತಿರುಗಿ ಇಂಥ ಓವಿಗಳನ್ನು ಒಂದು ಲಕ್ಷಕ್ಕೂ ಮಿಕ್ಕು ಸಂಗ್ರಹಿಸಿದರು. ಲಕ್ಷ ಹಾಡು ಹಾಡಬೇಕಾದರೆ ಎಷ್ಟು ಖಂಡುಗ ಕಾಳು ಬೀಸಿರಬೇಕು! ಸಂಗ್ರಹದ ಮಾತು ಬಂದಾಗ ಯಾರೂ ಆ ತೋಳುಗಳ ಲೆಕ್ಕ ಹಿಡಿಯುವುದಿಲ್ಲ.

ಈಗ ನಮ್ಮ ಡೊಂಬಿವಲಿಯ ದಿನವನ್ನು ನೋಡಿ. ಬೆಳಗಿನ ಐದಕ್ಕೆ ನಳದ ನೀರು, ಆಮೇಲೆ ಡಬ್ಬಿ, ಆಮೇಲೆ ಲೋಕಲ್ಲಿಗೆ ಓಡುವವರ ಬೆನ್ನಿಗೆ ಬಾಗಿಲು. ಹಿಟ್ಟು ಗಿರಣಿಯಿಂದ ಬರುತ್ತದೆ, ಚಟ್ನಿ ಮಿಕ್ಸರಿನಿಂದ. ಮಿಕ್ಸರ್ ತಿರುಗುವಾಗ ಹಾಡಲು ಗಂಧರ್ವರಿಂದಲೂ ಆಗದು. ಹಾಗೆಂದು ಕಲ್ಲು ಮರಳಿ ಬರಲೆಂದು ನಾನು ಹೇಳುವವಳಲ್ಲ. ಅದನ್ನು ಬೀಸಿದವರ ಭುಜಗಳನ್ನು ನಾನು ಕಂಡಿದ್ದೇನೆ. ನಮಗೆ ಉಳಿದಿರುವ ಸದ್ದಿಲ್ಲದ ಕೆಲಸವೆಂದರೆ ಪಲ್ಯೆ ಸೋಸುವುದು. ಮಧ್ಯಾಹ್ನ ಮೆಂತ್ಯದ ಸೂಡು ಬಿಚ್ಚಿ ಕುಳಿತಾಗ, ಸಾತಾರೆಯ ಕಡೆಯ ನೆರೆಮನೆಯ ಬಾಯಿಯೂ ನಾನೂ ಕೂಡಿ ಭಾಷಾಂತರಕ್ಕೆ ಕೈಹಚ್ಚಿದ್ದೇವೆ. ಬರುವ ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ನಮ್ಮ ತಾಯಿಯ ಬಾಯಿಯಲ್ಲಿದ್ದ ತವರಿನ ತ್ರಿಪದಿಯೊಂದನ್ನು ಎರಡೂ ಭಾಷೆಯಲ್ಲಿ, ಒಂದೇ ಧಾಟಿಯಲ್ಲಿ ಹಾಡಬೇಕೆಂಬುದು ಸಂಕಲ್ಪ.

ತವರು ಎಂಬುದಕ್ಕೆ ಮರಾಠಿಯಲ್ಲಿ ಮಾಹೇರ. ಅರ್ಥದಲ್ಲಿ ಕೂದಲೆಳೆಯ ಅಂತರವಿಲ್ಲ. ಇಂಗ್ಲಿಷಿನವರು ಇದಕ್ಕೆ ಒಂದೇ ಮಾತು ಹೇಳಲಿ ನೋಡೋಣ! ತೊಡಕು ಬಂದದ್ದು ಅಳತೆಯಲ್ಲಿ. ತವರು ಎಂದರೆ ಮೂರು ಮಾತ್ರೆ, ಮಾಹೇರ ಎಂದರೆ ಐದು. ಅತ್ತೆಮನೆಗೆ ಬಂದರೆ ಲೆಕ್ಕ ತಿರುಗುಮುರುಗು: ನಮ್ಮದು ಐದು ಮಾತ್ರೆ, ಅವರ ಸಾಸರ ನಾಲ್ಕೇ. ನಮ್ಮ ಭಾಷೆಯಲ್ಲಿ ತವರು ಚಿಕ್ಕದು, ಅತ್ತೆಮನೆ ದೊಡ್ಡದು. ಇದು ವ್ಯಾಕರಣವೋ ಅನುಭವವೋ ತಾವೇ ತೀರ್ಮಾನಿಸಿ. ಜನಪದ ತ್ರಿಪದಿಯದು ಅಂಶಗಣ, ಎಳೆದು ಹಾಡಿದರೆ ನಡೆಯುತ್ತದೆ ಎಂದು ಪಂಡಿತರು ಹೇಳಿಯಾರು. ಅಹುದು, ಆದರೆ ಕಲ್ಲಿನ ಸುತ್ತು ಒಂದೇ ಅಳತೆಯದು, ಎಷ್ಟೆಂದು ಎಳೆಯುವುದು? ಮರಾಠಿಯವರು ಮಾತಾಡುವಾಗ ಕೊನೆಯ ಅಕಾರವನ್ನು ನುಂಗಿ ‘ಮಾಹೇರ್’ ಎನ್ನುವರು, ಹಾಡುವಾಗ ಹಲವು ಸಲ ಅದನ್ನು ಉಗುಳುವರು. ಆ ಒಂದು ಅಕಾರಕ್ಕಾಗಿ ನಾವು ಮೂರು ಮಧ್ಯಾಹ್ನ ವಾದ ಮಾಡಿದೆವು. ಇಷ್ಟಾದ ಮೇಲೂ ಒಂದು ಕಷ್ಟ ಉಳಿಯಿತು: ಕಲ್ಲಿನ ಓವಿಗೆ ಬಹುಮಟ್ಟಿಗೆ ಎರಡೇ ಸಾಲು, ತ್ರಿಪದಿಗೆ ಮೂರು. ನಮ್ಮ ಮೂರನೆಯ ಸಾಲು ಜಾಗ ಸಿಗದೆ ಲೋಕಲ್ಲಿನ ಬಾಗಿಲಲ್ಲಿ ನಿಂತವರಂತೆ ನಿಂತುಬಿಟ್ಟಿತು.

ಇಲ್ಲಿ ಹುಟ್ಟಿ ಬೆಳೆದ ನನ್ನ ಮಗಳೂ ಹಾಡಲು ಬರುವವಳು. ಆಕೆಗೆ ಕನ್ನಡ ಮಾತು ಬರುತ್ತದೆ, ಲಿಪಿ ಬಾರದು. ಮುಂಬಯಿಯ ನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆದರೆ ಮಕ್ಕಳನ್ನು ಎಲ್ಲಿಗೆ ಕಳುಹಿಸುತ್ತಿದ್ದೇವೆಂಬುದು ಇಲ್ಲಿ ಕುಳಿತ ನಮಗೆಲ್ಲ ಗೊತ್ತು. ಆಕೆ ಹಾಡನ್ನು ನಾಗರಿಯಲ್ಲಿ ಬರೆದುಕೊಂಡಳು. ನಾಗರಿಯ ಮರಾಠಿಗೆ ಎ ಏ ಎಂಬ ಭೇದವಿಲ್ಲ, ಒ ಓ ಎಂಬ ಭೇದವೂ ಇಲ್ಲ. ಹೊಲದ ಬೆಳೆಯೆಲ್ಲ ಬೇಳೆಯಾಯಿತು, ‘ಕೊಡು’ ಎಂದು ಬೇಡಿದರೆ ಎತ್ತಿನ ಕೋಡು ಬಂತು. ನಾವು ನಕ್ಕೆವು. ರಾತ್ರಿ ಆ ಹಾಳೆಯನ್ನು ಮತ್ತೆ ನೋಡಿದಾಗ ನನಗೆ ನಗು ಬರಲಿಲ್ಲ.

ಮನರಂಜನೆಯ ಬಗ್ಗೆಯೂ ಹೇಳಬೇಕಲ್ಲ. ಹೊಸದೆಲ್ಲ ಕೆಟ್ಟದ್ದು ಎಂಬ ವಾದ ನನಗೆ ಒಪ್ಪದು. ರೇಡಿಯೋ ಕಲ್ಲಿನ ತಂಗಿಯಂತೆ ಬಂತು. ಕಿವಿಯನ್ನಷ್ಟೇ ಕೇಳಿತು, ಕೈಯನ್ನು ಕೆಲಸಕ್ಕೆ ಬಿಟ್ಟಿತು. 1955ರ ರಾಮನವಮಿಯಿಂದ ಪುಣೆಯ ಆಕಾಶವಾಣಿ ವಾರಕ್ಕೊಂದರಂತೆ ಮಾಡಗೂಳಕರರ ಗೀತರಾಮಾಯಣದ 56 ಹಾಡುಗಳನ್ನು ಬಿತ್ತರಿಸಿತು, ಫಡಕೆಯವರ ಸಂಗೀತದೊಡನೆ. ಮುಂದೆ ಅದು ಕನ್ನಡಕ್ಕೂ ಬಂತು. 1972ರಲ್ಲಿ ಮುಂಬಯಿಗೆ ದೂರದರ್ಶನ ಬಂದು ಕಣ್ಣನ್ನೂ ಕೇಳಿತು, ಆಗ ಕೈ ನಿಂತಿತು. ಈಗಿನ ಮೊಬೈಲು ಎಲ್ಲವನ್ನೂ ಕೇಳುತ್ತದೆ. ಆದರೂ ಆ ಲಕ್ಷ ಓವಿಗಳಲ್ಲಿ ಎಷ್ಟನ್ನೋ ಹಾಡಿದವರ ದನಿಯಲ್ಲೇ ಕೇಳಿಸುವುದೂ ಅದೇ. ಮಳೆಗಾಲದಲ್ಲಿ ಕರಾವಳಿಯಿಂದ ಯಕ್ಷಗಾನದ ಮೇಳಗಳು ಬರುವವು. ಕೊನೆಯ ಲೋಕಲ್ ಹಿಡಿಯಬೇಕಾದವರಿಗಾಗಿ ಇರುಳಿಡೀ ನಡೆಯುವ ಪ್ರಸಂಗವನ್ನು ಮೂರು ನಾಲ್ಕು ತಾಸಿಗೆ ಇಳಿಸುವರು. ಇಳಿಸಲಿ, ಅಪ್ಪಟ ಕನ್ನಡ ಅಷ್ಟು ಹೊತ್ತು ನಮ್ಮ ಮಕ್ಕಳ ಕಿವಿಗೆ ಮತ್ತೆಲ್ಲಿ ಬೀಳುತ್ತದೆ?

ರಾಜ್ಯೋತ್ಸವದ ಸಂಚಿಕೆಗೆ ಹೊಂದುವ ಒಂದು ಮಾತು. ನಮ್ಮ ಮಾವನವರು 1951ರಲ್ಲಿ ಇಂಡಿ ತಾಲ್ಲೂಕಿನಿಂದ ಮುಂಬಯಿಗೆ ಬಂದಾಗ ಪರರಾಜ್ಯಕ್ಕೆ ಬಂದಿರಲಿಲ್ಲ. ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಎಲ್ಲವೂ ಮುಂಬಯಿ ರಾಜ್ಯವೇ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮಾವನವರು ಚಾಳಿನ ಖೋಲಿಯಿಂದ ಒಂದು ಗೇಣು ಕದಲಲಿಲ್ಲ. ಸೀಮೆ ಕದಲಿತು, ಇವರು ಹೊರನಾಡಿಗರಾದರು. ಆ ದಿನ ಅವರು ಪೇಢೆ ಹಂಚಿದರಂತೆ. ಊರು ಕನ್ನಡಕ್ಕೆ ಸೇರಿತೆಂಬ ಸಂತೋಷ, ತಾನು ಸೇರಲಿಲ್ಲವೆಂಬುದು ಆಮೇಲೆ ತಿಳಿದ ಸಂಗತಿ.

ಮೊನ್ನೆ ಮಗಳು ಐರೋಲಿಯಿಂದ ಬಂದವಳು ಕೇಳಿದಳು: “ಅವ್ವಾ, ತವರು ತವರು ಅಂತ ಹಾಡಸ್ತೀ. ನನ್ನ ತವರು ಡೊಂಬಿವಲಿ ಅಲ್ಲೇನು? ಅದನ್ನ ಹಾಕು ಹಾಡಿನ್ಯಾಗ.” ಎಣಿಸಿ ನೋಡಿದೆ, ಐದು ಮಾತ್ರೆ, ಮಾಹೇರ ಇದ್ದಲ್ಲಿ ಸರಿಯಾಗಿ ಕೂಡುತ್ತದೆ. ಮೂರನೆಯ ಸಾಲಿಗೆ ಅದನ್ನೇ ಇಡೋಣವೆಂದು ನಾನು. ಸಾತಾರೆಯ ಬಾಯಿ ಇನ್ನೂ ಒಪ್ಪಿಲ್ಲ. ಓವಿಯಲ್ಲಿ ಪಂಢರಪುರ ಬರಬಹುದು, ರೈಲು ಸ್ಟೇಷನ್ನು ಬರಬಾರದು ಎಂಬುದು ಅವರ ಪಟ್ಟು. ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿವೆ, ಪೇಟೆಗೆ ಮೆಂತ್ಯದ ಪಲ್ಯೆಯೂ ಸಾಕಷ್ಟು ಬರುತ್ತಿದೆ. ಮಗಳಿಗೆ ಮಾತ್ರ ನಾನೊಂದು ಷರತ್ತು ಹಾಕಿದ್ದೇನೆ: ಆ ಸಾಲನ್ನು ಆಕೆ ಕನ್ನಡ ಅಕ್ಷರದಲ್ಲಿ ಬರೆದು ತರಬೇಕು. ‘ಡೊ’ ತನಕ ಬಂದಿದ್ದಾಳೆ.