ಮಡಿಲ ಮಗುವಿಗೆ ಕಾರ್ನಿವಲ್ ಕಥೆ



ನಮ್ಮ ರಾಜಾಜಿನಗರ, ವಿಜಯನಗರಗಳಲ್ಲಿ ಕಾರ್ನಿವಲ್ ರೂಢಿಯಲ್ಲಿಲ್ಲ. ಗೋವೆಯ ಆ ಸಂಭ್ರಮವನ್ನು ನಮ್ಮ ಪುಟಾಣಿಗಳು ಕಾಣುವುದು ಚಿತ್ರಪುಸ್ತಕಗಳಲ್ಲಿ. ಮೊಮೊ ರಾಜನ ಕಿರೀಟ, ಮುಖವಾಡ, ಮೆರವಣಿಗೆಗಳನ್ನು ತೋರಿಸಿ, ಓದಿ ಹೇಳಿ ನಗಿಸುತ್ತೇವೆ; ಮಂಗಳವಾರದ ಕುಣಿತಕ್ಕೆ ಪುಸ್ತಕ ಮುಚ್ಚುತ್ತೇವೆ. “ಆಮೇಲೆ?” ಎಂದು ಮಗು ಕೇಳಿದರೆ ನಿದ್ರೆಯ ಹೊತ್ತಾಯಿತೆನ್ನುತ್ತೇವೆ.

ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಹೊಣೆ. ಮಾಂಸವನ್ನು ತೊರೆಯುವುದೆಂಬ ಅರ್ಥವೇ ಕಾರ್ನಿವಲ್ ಪದದ ಮೂಲವೆಂದು ಬಲ್ಲವರು ಹೇಳುತ್ತಾರೆ. ಮರುದಿನ ವಿಭೂತಿ ಬುಧವಾರ. 40 ದಿನಗಳ ತಪಸ್ಸುಕಾಲದ ಬಾಗಿಲು. ಹಿಂದಿನ ವರ್ಷ ಗರಿಗಳ ಭಾನುವಾರ ಮಕ್ಕಳು ಹಿಡಿದು ನಡೆದ ಗರಿಗಳೇ ಬೂದಿಯಾಗಿ ನಮ್ಮ ಹಣೆಗೆ ಬರುತ್ತವೆ.

ಪುಸ್ತಕದಲ್ಲಿ ಆ ಪುಟವಿಲ್ಲದಿದ್ದರೆ ಬಾಯಿಮಾತಿನಲ್ಲಿ ನಾವೇ ಸೇರಿಸೋಣ. ಮಗುವಿನ ನಗುವನ್ನು ಕಸಿಯದೆ, ಪಾಸ್ಖ ಹಬ್ಬದ ಬೆಳಗಿನವರೆಗೆ ಕಥೆಯನ್ನು ಮುಂದುವರಿಸೋಣ.