ಮ್ಯೂಟ್ ಮಾಡಿದರೂ ಕಥೆ ತಿಳಿಯಬೇಕು

ಪುಣೆಯ ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳು ಊರಿನ ಅಜ್ಜಿಯರಿಗೆ ಕಳಿಸೋಕೆ 2 ನಿಮಿಷದ ವಿಡಿಯೋ ಮಾಡ್ತಿದ್ದಾರೆ. ಕೆಲವು ಅಜ್ಜಿಯರಿಗೆ ಕಿವಿ ಮಂದ. ಹಾಗಾಗಿ ಚಿತ್ರದಲ್ಲೇ ಕಥೆ ತಿಳಿಯಬೇಕು. ಮಕ್ಕಳಿಗೆ ನಾನು ಹೇಳಿದ್ದು ಮೂರೇ.

ಒಂದು, 180 ಡಿಗ್ರಿ ನಿಯಮ. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದ್ಕೊಳ್ಳಿ. ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಲಿ. ಗೆರೆ ದಾಟಿದರೆ ಎದುರುಬದುರು ಕೂತವರೂ ಒಂದೇ ಕಡೆ ನೋಡ್ತಿರೋ ಹಾಗೆ ಕಾಣುತ್ತೆ.

ಎರಡು, ಬಾಗಿಲು ತೆಗೆಯೋದನ್ನ ದೂರದಿಂದಲೂ ಹತ್ತಿರದಿಂದಲೂ ಪೂರ್ತಿ ಶೂಟ್ ಮಾಡಿ. ಎಡಿಟಿಂಗಲ್ಲಿ ಕೈ ಚಿಲಕ ಎಳೆಯುವ ಕ್ಷಣದಲ್ಲೇ ಶಾಟ್ ಬದಲಿಸಿ. ನೋಡುವವರ ಕಣ್ಣು ಕೈಯ ಮೇಲಿರುತ್ತೆ, ಕಟ್ ಗೊತ್ತಾಗಲ್ಲ.

ಮೂರು, ಪ್ರತಿ ಶಾಟ್ ಮುಗಿದ ಕೂಡಲೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಬ್ಯಾಗ್ ಯಾವ ಹೆಗಲಲ್ಲಿತ್ತು ಅನ್ನೋ ಜಗಳ ಇರಲ್ಲ.

ಕೊನೆಗೆ ಮ್ಯೂಟ್ ಮಾಡಿ ನೋಡಿ. ಎಲ್ಲಿ ಗೊಂದಲವಾಗುತ್ತೋ ಆ ಕಟ್ ಸರಿಮಾಡಿ.